ಅರಮನೆ ತೊರೆದು ಹಂಪೆಗೆ ನಡೆದ ಹರಿಹರ

ಸಕಲೇಶಪುರ, ಆಲೂರಿನ ಬೆಟ್ಟಸಾಲಿನಿಂದ ಉತ್ತರದ ಕಡೆಗೆ ಬಂದರೆ ಸಿಗುವ ಹಳೇಬೀಡು ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. ಇಲ್ಲಿನ ಅರಮನೆಯ ಉದ್ಯೋಗವನ್ನು ಬಿಟ್ಟು ದೈವವೊಂದನ್ನೇ ನಂಬಿ ಹೊರಟವನು ಕವಿ ಹರಿಹರ. ಅವನ ಕಾಲ 12ನೇ ಶತಮಾನದ ಕೊನೆ ಹಾಗೂ 13ನೇ ಶತಮಾನದ ಆರಂಭ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಹಂಪೆಯವನಾದ ಹರಿಹರ ನರಸಿಂಹ ಬಲ್ಲಾಳನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು ಪ್ರತೀತಿ. ಒಂದು ದಿನ ಲೆಕ್ಕ ಬರೆಯುತ್ತಿದ್ದವನು ಇದ್ದಕ್ಕಿದ್ದಂತೆ ಎರಡೂ ಕೈಗಳನ್ನು ಉಜ್ಜಿದನಂತೆ. ಹಂಪೆಯಲ್ಲಿ ಆರತಿಯ ವೇಳೆ ವಿರೂಪಾಕ್ಷನ ಮುಂದಿನ ತೆರೆಗೆ ಹತ್ತಿದ ಬೆಂಕಿಯನ್ನು ಹೀಗೆ ಇಲ್ಲಿಂದಲೇ ನಂದಿಸಿದನೆಂಬುದು ಐತಿಹ್ಯ. ದೇಹ ಅರಮನೆಯಲ್ಲಿದ್ದರೂ ಮನಸ್ಸು ಎಲ್ಲಿ ನೆಲೆಸಿತ್ತು ಎಂಬುದಕ್ಕೆ ಜನ ಕಟ್ಟಿಕೊಂಡ ಕಥೆಯಿದು.

ಕೊನೆಗೆ ರಾಜಸೇವೆ ತೊರೆದು ಹರಿಹರ ಹಂಪೆ ಸೇರಿದ. ಅಂದು ಕವಿಗಳಿಗೆ ರಾಜಾಶ್ರಯವೇ ಜೀವನಾಧಾರ. ಆ ಬಾಗಿಲನ್ನು ತಾನೇ ಮುಚ್ಚಿ, ಮನುಷ್ಯರನ್ನು ಹೊಗಳಿ ಕಾವ್ಯ ರಚಿಸಲಾರೆನೆಂಬ ನಿಲುವು ತಳೆದ. 'ಪಂಪಾಶತಕ'ದಲ್ಲಿ ಆ ಛಲ ಕಾಣುತ್ತದೆ. 'ರಕ್ಷಾಶತಕ'ದಲ್ಲಿ ವಿರೂಪಾಕ್ಷನಲ್ಲಿ ರಕ್ಷಣೆ ಬೇಡುವ ಶರಣಾಗತನ ಮೊರೆಯಿದೆ.

ಆದರೆ ಆ ನಂಬಿಕೆ ಅವನನ್ನು ಕೈಕಟ್ಟಿ ಕೂರಿಸಲಿಲ್ಲ. 'ಗಿರಿಜಾಕಲ್ಯಾಣ' ಎಂಬ ಚಂಪೂಕಾವ್ಯವನ್ನು ರಚಿಸಿದ. ರಗಳೆಯನ್ನು ಸ್ವತಂತ್ರ ಕಾವ್ಯಪ್ರಕಾರವಾಗಿ ಬೆಳೆಸಿದ. ಅರಸರ ಜಾಗದಲ್ಲಿ ಶಿವಭಕ್ತರನ್ನು ನಾಯಕರನ್ನಾಗಿಸಿದ. ಅವನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಗುಡಿಗೆ ಹೋಗಿ ಬೇಡುವುದಿಲ್ಲ. ಮಡಕೆ ಬಡಿಯುವ ಅವನ ಲಯಕ್ಕೆ ಮನಸೋತು ಶಿವನೇ ಬಂದು ಕುಣಿಯುತ್ತಾನೆ. ಕಷ್ಟಕಾಲದಲ್ಲಿ ದೈವವನ್ನು ನಂಬುವುದೆಂದರೆ ಕಾಯಕವನ್ನು ಬಿಡುವುದಲ್ಲ ಎಂಬ ತಿಳಿವನ್ನು ಹರಿಹರನ ಬದುಕೂ ಕಾವ್ಯವೂ ಒಟ್ಟಿಗೆ ಕೊಡುತ್ತವೆ.