ಒಂದು ಬಾಟಲಿ, 19 ಸಾವು: ಹಾಫ್‌ಕಿನ್ ಅವರ ಪ್ಲೇಗ್ ಲಸಿಕೆ ವಿಷವಾಗಿತ್ತೇ?

ಒಂದು ಊರಿನ ಹೆಸರು, ಸತ್ತವರ ಸಂಖ್ಯೆ, ಕೊನೆಗೆ ಯಾರೂ ಲಸಿಕೆ ಹಾಕಿಸಿಕೊಳ್ಳಬೇಡಿ ಎಂಬ ಎಚ್ಚರಿಕೆ. ಇಂಥ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ವಾಟ್ಸ್‌ಆ್ಯಪ್ ಬರುವುದಕ್ಕೆ ನೂರು ವರ್ಷ ಮೊದಲೇ ಇಂಥದೊಂದು ಸುದ್ದಿ ನಮ್ಮ ದೇಶದಲ್ಲಿ ಹಬ್ಬಿತ್ತು. ಸಾವುಗಳು ನಿಜವಾಗಿದ್ದವು, ಆರೋಪ ಮಾತ್ರ ತಪ್ಪಾಗಿತ್ತು. ಆರೋಪ ಹೊತ್ತವರು ವಾಲ್ಡೆಮಾರ್ ಹಾಫ್‌ಕಿನ್.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾದಲ್ಲಿ, ಯಹೂದಿ ಕುಟುಂಬದಲ್ಲಿ. ಓದಿದ್ದು ಪ್ರಾಣಿಶಾಸ್ತ್ರ. ವೈದ್ಯರಲ್ಲದ ಇವರ ಮೇಲೆ ಬ್ರಿಟಿಷ್ ವೈದ್ಯಾಧಿಕಾರಿಗಳಿಗೆ ಮೊದಲಿನಿಂದಲೂ ಅಸಮಾಧಾನವಿತ್ತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಕಲ್ಕತ್ತಾಕ್ಕೆ ಬಂದರು. 1896ರಲ್ಲಿ ಮುಂಬಯಿಗೆ ಪ್ಲೇಗ್ ಕಾಲಿಟ್ಟಾಗ ಸರ್ಕಾರ ಅವರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ಲೇಗ್ ಸೂಕ್ಷ್ಮಾಣುಗಳನ್ನು ಮಾಂಸದ ಸಾರಿನಲ್ಲಿ ಬೆಳೆಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಸೂಕ್ಷ್ಮಾಣುಗಳು ಅವಕ್ಕೆ ಜೋತುಬಿದ್ದು ಬೇರುಗಳಂತೆ ಕೆಳಗಿಳಿಯುತ್ತಿದ್ದವು! ಅವನ್ನು ಬಿಸಿಮಾಡಿ ಕೊಂದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಅದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಆಗ ಇದ್ದದ್ದು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿ. ಮನೆಯಲ್ಲಿ ಇಲಿ ಸತ್ತುಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ 19 ಮಂದಿಗೆ ಧನುರ್ವಾಯು ಕಾಣಿಸಿಕೊಂಡಿತು. ಆ 19 ಜನರೂ ಸತ್ತರು. ಲಸಿಕೆಯೇ ವಿಷ ಎಂದು ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಪ್ರತಿ ಬಾಟಲಿಗೂ ಒಂದು ನಂಬರ್ ಇತ್ತು, ಯಾರಿಗೆ ಯಾವ ಬಾಟಲಿಯಿಂದ ಕೊಟ್ಟರು ಎಂಬುದೂ ಗೊತ್ತಿತ್ತು. ಸತ್ತವರೆಲ್ಲ 53ಎನ್ ಎಂಬ ಒಂದೇ ಬಾಟಲಿಯವರು. ಬೇರೆ ಬಾಟಲಿಗಳಿಂದ ಪಡೆದ 88 ಜನರಲ್ಲಿ ಒಬ್ಬರಿಗೂ ಧನುರ್ವಾಯು ಬರಲಿಲ್ಲ. ಅಂದರೆ ಕೆಟ್ಟದ್ದು ಲಸಿಕೆಯಲ್ಲ, ಒಂದು ಬಾಟಲಿ.

ಇಂದು ಈ ನಾಲ್ಕೂ ತಾಲೂಕು ಆಸ್ಪತ್ರೆಗಳ ಔಷಧ ಉಗ್ರಾಣಗಳಲ್ಲಿ ನಡೆಯುವುದು ಇದೇ ಲೆಕ್ಕ. ಬಂದ ಪ್ರತಿ ಪೆಟ್ಟಿಗೆಯ ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಷ್ಟು ಬಂತು, ಎಷ್ಟು ಹೋಯಿತು ಎಂಬುದೆಲ್ಲ ದಾಸ್ತಾನು ಲೆಕ್ಕಕ್ಕೆ ಏರಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಸಂಶಯ ಒಂದು ಕಂಪನಿಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿದ್ದು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಅಂಥ ಆದೇಶ ಬಂದ ದಿನ ಯಾವ ಕಪಾಟಿನಲ್ಲಿ ಯಾವ ಬ್ಯಾಚ್ ಇದೆ ಎಂದು ಫಾರ್ಮಸಿಸ್ಟ್‌ಗೆ ಗೊತ್ತಿರದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ತಿಂಗಳಲ್ಲಿ ಎಕ್ಸ್‌ಪೈರಿ ಆಗುವ ಮಾತ್ರೆ ಕೊಟ್ಟರೆ, ಉಳಿದದ್ದನ್ನು ತಂದು ಬಡವರ ತಲೆಗೆ ಕಟ್ಟಿದರು ಎಂದು ಫೋಟೊ ಹರಿದಾಡುತ್ತದೆ. ಬೇಗ ಅವಧಿ ಮುಗಿಯುವುದನ್ನು ಮೊದಲು ಕೊಡಬೇಕು ಎಂಬುದೇ ಉಗ್ರಾಣದ ನಿಯಮ. ನಿಮ್ಮ ಕೋರ್ಸ್ ಅಷ್ಟರೊಳಗೆ ಮುಗಿಯುವಂತಿದ್ದರೆ ಅದರಲ್ಲಿ ದೋಷವಿಲ್ಲ. ಪಟ್ಟಿಯ ಮೇಲೆ ತಿಂಗಳು ಮಾತ್ರ ಅಚ್ಚಾಗಿದ್ದರೆ ಆ ತಿಂಗಳ ಕೊನೆಯ ದಿನದವರೆಗೂ ಅವಧಿ ಇರುತ್ತದೆ. ಅದು ದಾಟಿದ್ದರೆ ಮಾತ್ರ ಖಂಡಿತ ವಾಪಸ್ ಕೊಡಿ.

ಮುಲ್ಕೋವಾಲ್‌ಗೆ ಮರಳೋಣ. ಬಾಟಲಿ ಕೆಟ್ಟದ್ದು ಎಲ್ಲಿ, ಮುಂಬಯಿಯ ಪ್ರಯೋಗಾಲಯದಲ್ಲೋ ಹಳ್ಳಿಯಲ್ಲೋ? ತನಿಖೆ ಪ್ರಯೋಗಾಲಯದತ್ತ ಬೊಟ್ಟು ಮಾಡಿತು, ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ಧನುರ್ವಾಯುವಿನ ಸೂಕ್ಷ್ಮಾಣು ವಾರಗಟ್ಟಲೆ ಬಾಟಲಿಯಲ್ಲಿ ಬೆಳೆದಿದ್ದರೆ ಮುಚ್ಚಳ ತೆಗೆದಾಗ ಗಬ್ಬು ನಾರಬೇಕಿತ್ತು. ತೆರೆದಾಗ ಅಂಥ ವಾಸನೆ ಇರಲಿಲ್ಲ. ಇದಲ್ಲದೆ, ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತು ಎಂಬುದೂ ಹೊರಬಂತು. ಧನುರ್ವಾಯುವಿನ ಸೂಕ್ಷ್ಮಾಣು ಇರುವುದೇ ಮಣ್ಣಿನಲ್ಲಿ.

ಮಲೇರಿಯಾ ಹರಡುವ ಬಗೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಮತ್ತಿತರರು ಪತ್ರಿಕೆಯಲ್ಲಿ ಬಹಿರಂಗವಾಗಿ ಹಾಫ್‌ಕಿನ್ ಪರ ವಾದಿಸಿದರು. 1907ರಲ್ಲಿ ಅವರು ಆರೋಪಮುಕ್ತರಾದರು. ಕಲ್ಕತ್ತಾದಲ್ಲಿ ಮತ್ತೆ ಕೆಲಸ ಸಿಕ್ಕಿತು, ತಾವೇ ಕಟ್ಟಿದ ಮುಂಬಯಿ ಪ್ರಯೋಗಾಲಯ ಮಾತ್ರ ಮರಳಿ ಸಿಗಲಿಲ್ಲ. ಅದಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟದ್ದು 1925ರಲ್ಲಿ. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿ ಯುರೋಪಿಗೆ ಮರಳಿಯಾಗಿತ್ತು. 1930ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ತೀರಿಕೊಂಡರು.