ಮುಂಬೈಯಲ್ಲಿದ್ದು ಕೆನರಾ ಗೆದ್ದವರು

ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಇದುವರೆಗೆ ಗೆದ್ದವರ ಪಟ್ಟಿ ಚಿಕ್ಕದು. ಜೋಕಿಂ ಆಳ್ವ ಮೂರು ಸಲ, ಬಿ.ವಿ. ನಾಯಕ ಮತ್ತು ಬಿ.ಪಿ. ಕದಂ ಒಂದೊಂದು ಸಲ, ಜಿ. ದೇವರಾಯ ನಾಯ್ಕ ಸತತ ನಾಲ್ಕು ಸಲ, ಮಾರ್ಗರೆಟ್ ಆಳ್ವ ಒಮ್ಮೆ, ಅನಂತಕುಮಾರ ಹೆಗಡೆ ಆರು ಸಲ, ಈಗ ವಿಶ್ವೇಶ್ವರ ಹೆಗಡೆ ಕಾಗೇರಿ. ಇವರೆಲ್ಲರ ಹೆಸರಿನ ಪಕ್ಕದಲ್ಲಿ ಒಂದೋ ಕಾಂಗ್ರೆಸ್, ಇಲ್ಲವೇ ಬಿಜೆಪಿ. 1952ರಿಂದ 2024ರವರೆಗಿನ ಹದಿನೆಂಟು ಚುನಾವಣೆಗಳಲ್ಲಿ 1967ರ ಸಾಲಿನಲ್ಲಿ ಮಾತ್ರ ಪಕ್ಷೇತರ ಎಂದಿದೆ. ಆ ಸಾಲಿನ ಹೆಸರು ದಿನಕರ ದೇಸಾಯಿ.

ಈ ಹೆಸರು ನಿಮಗೆ ಗೊತ್ತಿರುತ್ತದೆ, ಆದರೆ ರಾಜಕೀಯದಿಂದಲ್ಲ. ಪ್ರಾಥಮಿಕ ಶಾಲೆಯಲ್ಲಿ ಗಡಿಯಾರದ ಮೇಲೆ ಒಂದು ಪದ್ಯವನ್ನು ನಾವೆಲ್ಲ ರಾಗವಾಗಿ ಹೇಳಿದ್ದೇವಲ್ಲ, ಅದನ್ನು ಬರೆದವರು ಇವರೇ. ನಾಲ್ಕು ಸಾಲಿನಲ್ಲಿ ದೊಡ್ಡವರ ಡಂಭವನ್ನು ಚುಚ್ಚಿ ಚುಟುಕು ಬ್ರಹ್ಮ ಅನ್ನಿಸಿಕೊಂಡವರೂ ಇವರೇ. ನಾನು ಕುಮಟಾ ಕಡೆಯವನು. ಎಂಟೆಕ್ ಮುಗಿಸಿ ಡೊಂಬಿವಲಿಗೆ ಬಂದು ಸೇರುವವರೆಗೂ ಇವರು ನಮ್ಮ ಸಂಸದರಾಗಿದ್ದರು ಎಂಬುದು ನನ್ನ ತಲೆಯಲ್ಲಿ ಸರಿಯಾಗಿ ಕೂತಿರಲಿಲ್ಲ. ಗೆದ್ದಾಗ ಅವರು ಮುಂಬೈಯಲ್ಲಿ ನೆಲೆ ಊರಿ ಮೂವತ್ತು ವರ್ಷ ದಾಟಿತ್ತು ಎಂಬುದಂತೂ ಇಲ್ಲವೇ ಇಲ್ಲ.

ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಹೊನ್ನಾವರದಲ್ಲಿ. ಮನೆತನದ ಊರು ಅಂಕೋಲಾ ತಾಲ್ಲೂಕಿನ ಅಲಗೇರಿ. ತಂದೆ ಶಾಲಾ ಮಾಸ್ತರರು. ಮೈಸೂರಿನಲ್ಲಿ ಬಿ.ಎ. ಓದಿ, ಎಂ.ಎ. ಮತ್ತು ಕಾನೂನಿಗೆ ಮುಂಬೈಗೆ ಬಂದರು. ಕರಾವಳಿಯ ಹುಡುಗನಿಗೆ ಮುಂಬೈ ಆಗ ಪರರಾಜ್ಯವಲ್ಲ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದ್ದರು. ಅಲ್ಲಿಂದ 1956ರ ರಾಜ್ಯ ವಿಂಗಡಣೆಯವರೆಗೆ ಕಾರವಾರ, ಅಂಕೋಲಾ, ಕುಮಟೆಯವರಿಗೆ ಬೊಂಬಾಯಿಯೇ ರಾಜಧಾನಿ. ಈಗ ನಾವು ಹೊರನಾಡ ಕನ್ನಡಿಗರು. ಅವರು ಬಂದದ್ದು ಒಳನಾಡಿನಿಂದ ಒಳನಾಡಿಗೇ.

ಅವರ ಎಂ.ಎ. ಅಧ್ಯಯನದ ವಿಷಯ ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಹಾಮಂಡಲೇಶ್ವರರು. ಅದು 1951ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಬಂತು. ಈ ಕಲ್ಯಾಣ ನಾವು ದಿನಾ ಲೋಕಲ್ ಹಿಡಿಯುವ ಕಲ್ಯಾಣ ಅಲ್ಲ, ಬೀದರಿನ ಬಸವಕಲ್ಯಾಣ. ಪುಸ್ತಕದ ಹೆಸರು ಕೇಳಿ ನಮ್ಮ ಕಲ್ಯಾಣ ಸ್ಟೇಷನ್ನಿಗೂ ಚಾಲುಕ್ಯರಿಗೂ ಗಂಟು ಹಾಕಿದವರನ್ನು ನಾನು ನೋಡಿದ್ದೇನೆ.

ಇಷ್ಟು ಓದಿದ ಮೇಲೆ ವಕೀಲಿ ಮಾಡಬಹುದಿತ್ತು, ಪ್ರೊಫೆಸರ್ ಆಗಬಹುದಿತ್ತು. ದೇಸಾಯಿ ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜ, ಅಂದರೆ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಸೇರಿದರು. ಅದರ ನಿಯಮ ನಮ್ಮ ಕಾಲಕ್ಕೆ ವಿಚಿತ್ರ ಅನ್ನಿಸೀತು. ಸದಸ್ಯ ತನಗಾಗಿ ಹಣ ಗಳಿಸುವಂತಿಲ್ಲ, ಸಂಸ್ಥೆ ಮನೆ ನಡೆಸಲು ಕೊಟ್ಟಷ್ಟರಲ್ಲೇ ಸಂಸಾರ ಸಾಗಬೇಕು. ಕಾರ್ಮಿಕ ನಾಯಕ ಎನ್.ಎಂ. ಜೋಶಿ ಅದೇ ಸಂಸ್ಥೆಯವರು. ಮುಂಬೈಯಲ್ಲಿ ದೇಸಾಯಿ ಹಚ್ಚಿಕೊಂಡ ಕೆಲಸ ಹಡಗಿನ ಕಾರ್ಮಿಕರದ್ದು. ಕೊಂಕಣ, ಗೋವಾ ಕಡೆಯ ಬಡ ಹುಡುಗರು ಹಡಗಿನ ಕೆಲಸಕ್ಕೆಂದು ಬಂದರಿಗೆ ಬರುತ್ತಿದ್ದರು. ಕೆಲಸ ಕೊಡಿಸುವ ಸಾರಂಗರಿಗೆ, ದಲಾಲರಿಗೆ ಲಂಚ ಕೊಡಬೇಕು. ಅದಕ್ಕೆ ಸಾಲ, ಸಾಲಕ್ಕೆ ಬಡ್ಡಿ. ಒಂದು ಪ್ರಯಾಣ ಮುಗಿಸಿ ಬಂದರೆ ಮತ್ತೆ ತಿಂಗಳುಗಟ್ಟಲೆ ಕೆಲಸವಿಲ್ಲ. ಅವರನ್ನು ಸಂಘಟಿಸಿದ್ದಲ್ಲದೆ, ಈ ವ್ಯವಸ್ಥೆಯ ಮೇಲೆ 1940ರಲ್ಲಿ ದೇಸಾಯಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಗುತ್ತಿಗೆ ಕಂಪನಿಯ ಮೂಲಕ ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಜಿಗಿಯುವ, ನಡುವೆ ಖಾಲಿ ಕೂರುವ ನಮ್ಮ ಐರೋಲಿ, ಮಹಾಪೆಯ ಹುಡುಗರಿಗೆ ಈ ಕಥೆ ಪೂರ್ತಿ ಅಪರಿಚಿತವೇನಲ್ಲ.

ಊರನ್ನು ಅವರು ಬಿಡಲಿಲ್ಲ. ಅಂಕೋಲಾ, ಕುಮಟಾ ಕಡೆ ಗದ್ದೆ ಉಳುವವರಲ್ಲಿ ಬಹುಪಾಲು ಜನ ಗೇಣಿದಾರರು. ಒಡೆಯರಿಗೆ ಗೇಣಿ ಭತ್ತ ಅಳೆದು ಕೊಟ್ಟ ಮೇಲೆ ಮನೆಗೆ ಉಳಿಯುವುದು ಮಳೆಗಾಲ ಮುಗಿಯುವವರೆಗೂ ಸಾಲದು. ದೇಸಾಯಿ ರೈತಕೂಟ ಕಟ್ಟಿ ಗೇಣಿ ಇಳಿಸಿ ಎಂದು ಚಳವಳಿ ನಡೆಸಿದರು. ಅವರೂ ದೇಸಾಯಿ ಮನೆತನದವರು, ಎದುರಿಗಿದ್ದವರೂ ಬಹಳಷ್ಟು ಮಟ್ಟಿಗೆ ಸುಪರಿಚಿತ ಮೇಲ್ವರ್ಗದ ಒಡೆಯರು ಎಂಬುದನ್ನು ನೆನಪಿಡಬೇಕು. 1940ರ ದಶಕದ ಮೊದಲಲ್ಲಿ ಸರ್ಕಾರ ಅವರನ್ನು ಸ್ವಂತ ಜಿಲ್ಲೆಯಿಂದ ಗಡೀಪಾರು ಮಾಡಿತು. ವರ್ಷಗಟ್ಟಲೆ ಅಂಕೋಲೆಗೆ ಕಾಲಿಡುವಂತಿರಲಿಲ್ಲ. ನಾವು ರಜೆ ಸಿಗದೆ ಊರಿಗೆ ಹೋಗುವುದಿಲ್ಲ. ಅವರಿಗೆ ಸರ್ಕಾರವೇ ಬೇಡ ಎಂದಿತ್ತು.

ಗಡೀಪಾರು ಮುಗಿದ ಮೇಲೆ ಅವರ ಗಮನ ಶಾಲೆಯ ಕಡೆಗೆ ಹೊರಳಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರುವಾಯಿತು. ಉತ್ತರ ಕನ್ನಡದಲ್ಲಿ ಕಾಡೇ ಹೆಚ್ಚು. ಹೊಳೆ ದಾಟದೆ ಪಕ್ಕದ ಊರಿಗೆ ಹೋಗಲಾಗದು, ಮಳೆಗಾಲದಲ್ಲಿ ಅದೂ ಆಗದು. ಏಳನೇ ಇಯತ್ತೆ ಮುಗಿದರೆ ಓದು ಮುಗಿದಂತೆ. ಅಂಥಲ್ಲಿ ಟ್ರಸ್ಟು ಒಂದರ ಹಿಂದೊಂದು ಹೈಸ್ಕೂಲು ತೆರೆಯಿತು. ಕೆಲವಕ್ಕೆ ಜನತಾ ವಿದ್ಯಾಲಯ ಎಂದು ಹೆಸರು. ನಮ್ಮ ಜಿಲ್ಲೆಯಲ್ಲಿ ಹಾಲಕ್ಕಿ ಒಕ್ಕಲಿಗರ, ನಾಮಧಾರಿಗಳ, ಮೀನುಗಾರರ ಮನೆಯ ಮೊದಲ ತಲೆಮಾರಿನ ಮೆಟ್ರಿಕ್ ಪಾಸಾದವರನ್ನು ಕೇಳಿ ನೋಡಿ, ಈ ಶಾಲೆಗಳ ಹೆಸರು ಬಂದೇ ಬರುತ್ತದೆ. ಅಂಕೋಲಾದಿಂದ ಜನಸೇವಕ ಎಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಮುಂಬೈ ಆಸುಪಾಸಿನಲ್ಲಿ ನೆಲೆಸಿದ ನಮ್ಮವರು ಇಲ್ಲಿ ಸಂಘ ಕಟ್ಟಿದರು, ಶಾಲೆಯನ್ನೂ ಕಟ್ಟಿದರು. ಅದು ದೊಡ್ಡ ಕೆಲಸವೇ. ದೇಸಾಯಿ ಇಲ್ಲಿ ಕೂತು ಅಲ್ಲಿ ಕಟ್ಟಿದರು. ಇದು ಹೆಚ್ಚು ಕಷ್ಟದ್ದು ಎಂದು ನನ್ನ ಎಣಿಕೆ. ಪ್ರತಿ ಹಂಚು, ಪ್ರತಿ ಮಾಸ್ತರರ ಸಂಬಳ ಕಾಗದದಲ್ಲೇ ನಿಭಾಯಿಸಬೇಕಿದ್ದ ಕಾಲ ಅದು.

ಇನ್ನು ಕ್ಷೇತ್ರದ ವಿಷಯ. 1952ರ ಮೊದಲ ಚುನಾವಣೆಯಲ್ಲಿ ಕೆನರಾ ಬೊಂಬಾಯಿ ರಾಜ್ಯದ ಕ್ಷೇತ್ರ. 1957ರ ಹೊತ್ತಿಗೆ ಮೈಸೂರು ರಾಜ್ಯದ್ದು. ಎರಡರಲ್ಲೂ, 1962ರಲ್ಲೂ ಗೆದ್ದ ಜೋಕಿಂ ಆಳ್ವ ಉಡುಪಿಯ ಬೆಳ್ಳೆಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳಗಿದ ವಕೀಲ, ಪತ್ರಕರ್ತ, ಸ್ವಾತಂತ್ರ್ಯ ಹೋರಾಟಗಾರ. 1949ರಲ್ಲಿ ಮುಂಬೈಯ ಶೆರಿಫ್ ಆಗಿದ್ದವರು. ಅಂದರೆ 1952ರಿಂದ 1971ರವರೆಗೆ ಹತ್ತೊಂಬತ್ತು ವರ್ಷ ಉತ್ತರ ಕನ್ನಡದ ಸಂಸದರು ಮುಂಬೈವಾಸಿಗಳೇ. ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. ಮತ ಹಾಕುವವನ ಹೆಸರು ಅವನು ವಾಸಿಸುವ ಊರಿನ ಪಟ್ಟಿಯಲ್ಲೇ ಇರಬೇಕು. ಲೋಕಸಭೆಗೆ ನಿಲ್ಲುವವನು ದೇಶದ ಯಾವ ಕ್ಷೇತ್ರದ ಮತದಾರನಾದರೂ ನಡೆಯುತ್ತದೆ. ಊರಿಗೆ ವೋಟು ಹಾಕುವ ಹಕ್ಕು ನಮಗಿಲ್ಲ, ಊರಿನ ವೋಟು ಕೇಳುವ ಹಕ್ಕಿದೆ!

ಆಳ್ವರ ಬೆನ್ನಿಗೆ ಕಾಂಗ್ರೆಸ್ ಇತ್ತು. ದೇಸಾಯಿಯವರಿಗೆ ಅದಿರಲಿಲ್ಲ. 1967ರಲ್ಲಿ ದೇಶದ ಹಲವು ಕಡೆ ಕಾಂಗ್ರೆಸ್ ಸೋತಿತು ನಿಜ. ಅದೇ ಚುನಾವಣೆಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಇಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರನ್ನು ಕೆಡವಿದರು. ಕರಾವಳಿಯವನೊಬ್ಬ ಮುಂಬೈ ಗೆದ್ದ, ಮುಂಬೈಯಿಂದ ಹೋದವರೊಬ್ಬರು ಕರಾವಳಿ ಗೆದ್ದರು. ಆದರೆ ಮೈಸೂರು ರಾಜ್ಯದಲ್ಲಿ ನಿಜಲಿಂಗಪ್ಪನವರ ಕಾಂಗ್ರೆಸ್ ಅಧಿಕಾರ ಉಳಿಸಿಕೊಂಡಿತ್ತು. ಹಾಗಾಗಿ ದೇಸಾಯಿಯವರ ಗೆಲುವನ್ನು ಬರೀ ಗಾಳಿಯ ಲೆಕ್ಕಕ್ಕೆ ಬರೆಯಲು ನಾನು ಒಪ್ಪುವುದಿಲ್ಲ. ಗೇಣಿದಾರರ ಮನೆಗಳು ಮತ್ತು ಹೈಸ್ಕೂಲು ಓದಿದ ಅವರ ಮಕ್ಕಳು ಅವರಿಗೆ ಪಕ್ಷದ ಜಾಗದಲ್ಲಿ ನಿಂತರು ಎಂದೇ ನನಗೆ ತೋರುತ್ತದೆ.

ಗೆದ್ದ ಕ್ಷೇತ್ರವೇ ಆಗ ವಿವಾದದಲ್ಲಿತ್ತು. ಕಾರವಾರ, ಸೂಪಾ, ಹಳಿಯಾಳ ತನಗೆ ಸೇರಬೇಕೆಂದು ಮಹಾರಾಷ್ಟ್ರ ಪಟ್ಟು ಹಿಡಿದಿತ್ತು. 1967ರಲ್ಲೇ ಮಹಾಜನ್ ಆಯೋಗ ವರದಿ ಕೊಟ್ಟು ಆ ಬೇಡಿಕೆಯನ್ನು ತಳ್ಳಿಹಾಕಿತು. ಇತ್ತ ಮುಂಬೈಯಲ್ಲಿ 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ವಿರುದ್ಧ ಕೂಗು ಎದ್ದಿತ್ತು. 1969ರ ಫೆಬ್ರುವರಿಯಲ್ಲಿ ಗಡಿ ವಿಷಯಕ್ಕೆ ನಗರದಲ್ಲಿ ದೊಡ್ಡ ಗಲಭೆಯಾಯಿತು. ಕಾರವಾರದ ಸಂಸದರಾಗಿ ಮುಂಬೈಯಲ್ಲಿ ಮನೆ ಇಟ್ಟುಕೊಂಡಿರುವುದು ಆ ವರ್ಷಗಳಲ್ಲಿ ಸುಲಭವಿದ್ದಿರಲಾರದು. ಇಂದಿಗೂ ಗಡಿ ಮಾತು ಬಿಸಿಯಾದಾಗ ಕರ್ನಾಟಕದ ನಂಬರ್ ಪ್ಲೇಟಿನ ಗಾಡಿಯನ್ನು ಒಳಗೇ ನಿಲ್ಲಿಸುವ ನಮಗೆ ಅದು ಅರ್ಥವಾಗುತ್ತದೆ.

ಅವಧಿ ಪೂರ್ತಿಯಾಗಲಿಲ್ಲ. ಇಂದಿರಾ ಗಾಂಧಿ 1970ರ ಡಿಸೆಂಬರಿನಲ್ಲಿ ಲೋಕಸಭೆ ವಿಸರ್ಜಿಸಿದರು, 1971ರಲ್ಲಿ ಕೆನರಾ ಮತ್ತೆ ಕಾಂಗ್ರೆಸ್ಸಿಗೆ ಹೋಯಿತು. ಅಲ್ಲಿಂದ ಮುಂದೆ ಪಕ್ಷವಿಲ್ಲದೆ ಯಾರಿಗೂ ಅದು ಒಲಿಯಲಿಲ್ಲ. 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತಿದ್ದ ಶಿವರಾಮ ಕಾರಂತರು ಪರಿಸರದ ಹೆಸರಿನಲ್ಲಿ ಅಲ್ಲೇ ನಿಂತರು, ಸೋತರು. ಕಾರಂತರಂಥ ಕಾರಂತರಿಗೇ ಸಿಗದ್ದು ದೇಸಾಯಿಯವರಿಗೆ ಸಿಕ್ಕಿದ್ದು ಹೇಗೆಂದು ನಾನು ಹಲವು ಸಲ ಯೋಚಿಸಿದ್ದೇನೆ. ಒಬ್ಬರು ಜಿಲ್ಲೆಗೆ ಒಂದು ಅಪಾಯ ತೋರಿಸಲು ಬಂದರು. ಇನ್ನೊಬ್ಬರು ಮತ ಕೇಳುವ ಮೊದಲು ಮೂರು ದಶಕ ಜಿಲ್ಲೆಯ ಗದ್ದೆ, ಶಾಲೆಗಳಲ್ಲಿ ಓಡಾಡಿದ್ದರು.

2024ರಲ್ಲಿ ಉತ್ತರ ಕನ್ನಡಕ್ಕೆ ಮೇ 7ರಂದು ಮತದಾನ, ನಮ್ಮ ಠಾಣೆ, ಕಲ್ಯಾಣಕ್ಕೆ ಮೇ 20ರಂದು. ನನ್ನ ಮನೆ ಕಲ್ಯಾಣ ಕ್ಷೇತ್ರದಲ್ಲಿ, ಐರೋಲಿಯ ಆಫೀಸು ಠಾಣೆ ಕ್ಷೇತ್ರದಲ್ಲಿ, ಕಲ್ಯಾಣ ಪಶ್ಚಿಮಕ್ಕೆ ಹೋದರೆ ಅದು ಭಿವಂಡಿ ಕ್ಷೇತ್ರ. ಈ ಮೂರರಲ್ಲಿ ಯಾವುದರ ಸಂಸದರಿಂದಲೂ ನಾನು ಏನನ್ನೂ ಕೇಳಿದವನಲ್ಲ. ಊರಿನ ಕ್ಷೇತ್ರದ ಸುದ್ದಿಯನ್ನು ಮಾತ್ರ ಈಗಲೂ ಮೊದಲು ಓದುತ್ತೇನೆ.

ದೇಸಾಯಿ 1982ರ ನವೆಂಬರ್ 6ರಂದು ಮುಂಬೈಯಲ್ಲೇ ತೀರಿಕೊಂಡರು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಇನ್ನೂ ಹದಿನೈದು ವರ್ಷಕ್ಕೂ ಹೆಚ್ಚು ಬಾಕಿ ಇತ್ತು. ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಊರಲ್ಲಿ ಇಳಿಯುವ ಸುಖ ಅವರಿಗೆ ಸಿಗಲಿಲ್ಲ. ಅಂಕೋಲಾದಲ್ಲಿ 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ, ಅವರ ಟ್ರಸ್ಟ್ ತೆರೆದ ಕಾಲೇಜು ಈಗಲೂ ನಡೆಯುತ್ತಿದೆ. ಅದರ ಹೆಸರು ಗೋಖಲೆ ಸೆಂಟೆನರಿ ಕಾಲೇಜು.