ರಣರಂಗಕ್ಕೆ ಬಂದ ಮತಪೆಟ್ಟಿಗೆ: ಲಿಂಕನ್ ಎದುರಿಸಿದ 1864ರ ಚುನಾವಣೆ

1864ರ ಆಗಸ್ಟ್ 23ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದು ಕಾಗದವನ್ನು ಮಡಿಸಿ ಅಂಟಿಸಿ, ಒಳಗಿನ ಬರಹವನ್ನು ತೋರಿಸದೆಯೇ ಸಂಪುಟ ಸಹೋದ್ಯೋಗಿಗಳಿಂದ ಅದರ ಹಿಂಬದಿಯಲ್ಲಿ ಸಹಿ ಹಾಕಿಸಿಕೊಂಡರು. ನವೆಂಬರ್ ಚುನಾವಣೆಯಲ್ಲಿ ತಾವು ಸೋಲುವುದು ಬಹುತೇಕ ನಿಶ್ಚಿತ, ಅಧಿಕಾರ ಬಿಡುವುದರೊಳಗೆ ಹೊಸ ಅಧ್ಯಕ್ಷರೊಡನೆ ಸಹಕರಿಸಿ ಒಕ್ಕೂಟವನ್ನು ಉಳಿಸಬೇಕು ಎಂಬುದು ಅದರ ಒಕ್ಕಣೆ.

ಅಂತರ್ಯುದ್ಧ ಆಗ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿತ್ತು. ಮತದಾರರಲ್ಲಿ ಲಕ್ಷಾಂತರ ಮಂದಿ ಸಮವಸ್ತ್ರ ಧರಿಸಿ ಊರಿನಿಂದ ನೂರಾರು ಮೈಲಿ ದೂರದ ಶಿಬಿರಗಳಲ್ಲಿದ್ದರು. ಎದುರಾಳಿ ಜಾರ್ಜ್ ಮೆಕ್‌ಕ್ಲೆಲ್ಲನ್ ಸೈನಿಕರ ಅಚ್ಚುಮೆಚ್ಚಿನ ದಂಡನಾಯಕ. 1862ರಲ್ಲಿ ಅವರನ್ನು ಸೇನಾಧಿಪತ್ಯದಿಂದ ಕೆಳಗಿಳಿಸಿದ್ದವರು ಸ್ವತಃ ಲಿಂಕನ್. ಸೈನಿಕರ ಮತ ಯಾರ ಪಾಲಾಗುವುದೆಂದು ಹೇಳುವುದು ಸುಲಭವಿರಲಿಲ್ಲ.

1809ರ ಫೆಬ್ರುವರಿ 12ರಂದು ಕೆಂಟಕಿಯ ಮರದ ದಿಮ್ಮಿಗಳ ಗುಡಿಸಲಿನಲ್ಲಿ ಜನಿಸಿದ ಲಿಂಕನ್‌ಗೆ ಶಾಲೆಯ ಓದು ದಕ್ಕಿದ್ದು ಎಲ್ಲ ಸೇರಿ ಒಂದು ವರ್ಷದಷ್ಟೂ ಇಲ್ಲ. 1833ರಲ್ಲಿ ಅವರು ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಹಳ್ಳಿಯ ಪೋಸ್ಟ್‌ಮಾಸ್ಟರ್ ಆದರು. ಊರವರ ಪತ್ರಗಳನ್ನು ಟೋಪಿಯೊಳಗಿಟ್ಟುಕೊಂಡು ಮನೆಮನೆಗೆ ತಲುಪಿಸುತ್ತಿದ್ದರೆಂಬ ಮಾತಿದೆ. ಮುಂದೆ ಶಾಸಕ, ವಕೀಲ, ಒಂದು ಅವಧಿಗೆ ಸಂಸತ್ ಸದಸ್ಯ, 1860ರಲ್ಲಿ ಅಧ್ಯಕ್ಷ.

ಅಮೆರಿಕದಲ್ಲಿ ಮತದಾನದ ನಿಯಮ ರೂಪಿಸುವುದು ಆಯಾ ರಾಜ್ಯದ ಅಧಿಕಾರ. ಮತದಾರ ತನ್ನ ಊರಿನಲ್ಲೇ ಹಾಜರಿರಬೇಕೆಂಬುದು ಬಹುತೇಕ ಎಲ್ಲೆಡೆ ಕಟ್ಟಳೆಯಾಗಿತ್ತು. ಪೆನ್ಸಿಲ್ವೇನಿಯಾದ ಸರ್ವೋಚ್ಚ ನ್ಯಾಯಾಲಯವಂತೂ 1862ರಲ್ಲಿ ಶಿಬಿರದ ಮತದಾನವನ್ನು ಅಸಿಂಧುಗೊಳಿಸಿತು. ಆ ರಾಜ್ಯ ಸಂವಿಧಾನವನ್ನೇ ತಿದ್ದಬೇಕಾಯಿತು. 1864ರ ವೇಳೆಗೆ 19 ರಾಜ್ಯಗಳು ದೂರದಲ್ಲಿರುವ ಸೈನಿಕರಿಗೆ ಮತದ ಹಕ್ಕು ನೀಡಿದ್ದವು.

ವಿಧಾನ ಎರಡು ಬಗೆಯದು. ಹೆಚ್ಚಿನ ರಾಜ್ಯಗಳು ಮತಪೆಟ್ಟಿಗೆಯನ್ನೇ ರೆಜಿಮೆಂಟಿನ ಬಿಡಾರಕ್ಕೆ ಒಯ್ದವು. ಅಲ್ಲಿ ಮತಗಟ್ಟೆ ಅಧಿಕಾರಿಗಳು ಪ್ರಮಾಣ ಸ್ವೀಕರಿಸಿ, ಹೆಸರು ಬರೆದುಕೊಂಡು, ಎಣಿಕೆಯ ಪಟ್ಟಿಯನ್ನು ರಾಜ್ಯಕ್ಕೆ ಕಳುಹಿಸುತ್ತಿದ್ದರು. ನ್ಯೂಯಾರ್ಕ್‌ನದು ಬೇರೆ ದಾರಿ. ಸೈನಿಕ ತನ್ನ ಮತಚೀಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಅಧಿಕಾರಿಯೊಬ್ಬರ ಸಮಕ್ಷಮದಲ್ಲಿ ಪ್ರಮಾಣಪತ್ರಕ್ಕೆ ಸಹಿ ಮಾಡಿ, ಅದನ್ನು ಇನ್ನೊಂದು ಲಕೋಟೆಯಲ್ಲಿಟ್ಟು ತನ್ನೂರಿನ ನಂಬಿಕಸ್ಥ ಮತದಾರನಿಗೆ ಅಂಚೆಯಲ್ಲಿ ಕಳುಹಿಸಬೇಕು. ಮತದಾನದ ದಿನ ಆತ ಅದನ್ನು ಮತಗಟ್ಟೆಗೆ ಒಯ್ಯಬೇಕು. ನಮ್ಮಲ್ಲಿ ಚುನಾವಣಾ ಕರ್ತವ್ಯಕ್ಕೆ ಹೋಗಿ ಅಂಚೆ ಮತ ಚಲಾಯಿಸಿದವರಿಗೆ ಈ ಎರಡು ಲಕೋಟೆಗಳ ಕ್ರಮ ಹೊಸದೆನಿಸದು. ಇಲ್ಲಿಯೂ ಮತಪತ್ರದ ಲಕೋಟೆ ಬೇರೆ, ದೃಢೀಕರಿಸಿದ ಘೋಷಣಾ ಪತ್ರ ಬೇರೆ. ಘೋಷಣೆ ಸರಿಯಿದ್ದರಷ್ಟೇ ಒಳಲಕೋಟೆ ತೆರೆಯುತ್ತದೆ.

ಆದರೆ ಅಧಿಕಾರಿಯ ಸಹಿಯೇ ಸುಳ್ಳಾದರೆ? ಅದೂ ಆಯಿತು. 1864ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ನ್ಯೂಯಾರ್ಕ್ ಸೈನಿಕರ ಹೆಸರಿನಲ್ಲಿ ಸುಳ್ಳು ಸಹಿಗಳನ್ನು ಹಾಕಿ ಮೆಕ್‌ಕ್ಲೆಲ್ಲನ್ ಪರ ಮತಗಳನ್ನು ಸಿದ್ಧಪಡಿಸುತ್ತಿದ್ದವರು ಸಿಕ್ಕಿಬಿದ್ದರು. ವಿಚಾರಣೆ ನಡೆದದ್ದು ಸಾಮಾನ್ಯ ನ್ಯಾಯಾಲಯದಲ್ಲಲ್ಲ, ಸೇನಾ ಆಯೋಗದ ಮುಂದೆ. ಡೆಮಾಕ್ರಟರು ಇದನ್ನು ಪ್ರಬಲವಾಗಿ ಆಕ್ಷೇಪಿಸಿದರು. ಅಧ್ಯಕ್ಷರ ಪರ ಇರುವ ಸೈನಿಕರಿಗಷ್ಟೇ ರಜೆ ದೊರೆಯುತ್ತಿದೆ ಎಂದೂ ದೂರಿದರು. ಅವರ ಶಂಕೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಶಿಬಿರದಲ್ಲಿ ಮತದಾನ ಅನುಮತಿಸದ ಇಂಡಿಯಾನಾದಲ್ಲಿ ಅಕ್ಟೋಬರ್‌ನಲ್ಲಿ ರಾಜ್ಯದ ಚುನಾವಣೆ ಇತ್ತು. ಸಾಧ್ಯವಾದಷ್ಟು ಸೈನಿಕರನ್ನು ಊರಿಗೆ ಕಳುಹಿಸುವಂತೆ ಸೆಪ್ಟೆಂಬರ್ 19ರಂದು ಲಿಂಕನ್ ಜನರಲ್ ಶರ್ಮನ್‌ಗೆ ಪತ್ರ ಬರೆದರು. ಇದು ಆಜ್ಞೆಯಲ್ಲ ಎಂಬ ಸೂಚನೆ ಅದರಲ್ಲಿತ್ತು, ನಿಜ. ಆದರೆ ಸರ್ವೋಚ್ಚ ದಂಡನಾಯಕನ ಕೋರಿಕೆ ಸೇನಾನಿಗೆ ಮತ್ತೇನಾಗಿ ಕೇಳಿಸೀತು?

ದೂರದ ಮತದ ಬೆಲೆ ಏನೆಂಬುದು ಮೇರಿಲ್ಯಾಂಡ್‌ನಲ್ಲಿ ಅದೇ ಅಕ್ಟೋಬರ್‌ನಲ್ಲಿ ಕಂಡಿತು. ಗುಲಾಮಗಿರಿಯನ್ನು ರದ್ದುಪಡಿಸುವ ಹೊಸ ರಾಜ್ಯ ಸಂವಿಧಾನವನ್ನು ಅಲ್ಲಿ ಜನಮತಕ್ಕೆ ಇಡಲಾಗಿತ್ತು. ಊರಲ್ಲಿದ್ದವರು ಅದನ್ನು ಸುಮಾರು 2,000 ಮತಗಳ ಅಂತರದಿಂದ ತಿರಸ್ಕರಿಸಿದ್ದರು. ಸೈನಿಕರ ಮತಗಳು ಬಂದವು: ಪರ 2,633, ವಿರುದ್ಧ 263. ಒಟ್ಟು ಎಣಿಕೆಯಲ್ಲಿ ಕೇವಲ 375 ಮತಗಳ ಬಹುಮತದಿಂದ ಸಂವಿಧಾನ ಅಂಗೀಕಾರವಾಗಿ, ನವೆಂಬರ್ 1ರಿಂದ ಆ ರಾಜ್ಯದ ಗುಲಾಮರು ಬಂಧಮುಕ್ತರಾದರು.

ಸೆಪ್ಟೆಂಬರ್ ಆರಂಭದಲ್ಲಿ ಅಟ್ಲಾಂಟಾ ನಗರ ಕೈವಶವಾದ ಮೇಲೆ ಗಾಳಿ ಲಿಂಕನ್ ಕಡೆಗೆ ತಿರುಗಿತ್ತು. ನವೆಂಬರ್ 8ರಂದು ಅವರು 212 ಎಲೆಕ್ಟೋರಲ್ ಮತ ಗಳಿಸಿದರೆ ಮೆಕ್‌ಕ್ಲೆಲ್ಲನ್‌ಗೆ ದಕ್ಕಿದ್ದು 21. ಪ್ರತ್ಯೇಕವಾಗಿ ಎಣಿಸಿದ ಸುಮಾರು ಒಂದೂವರೆ ಲಕ್ಷ ಸೈನಿಕ ಮತಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಧ್ಯಕ್ಷರಿಗೇ ಬಿದ್ದಿದ್ದವು. ಸೈನಿಕರಿಲ್ಲದೆಯೂ ಅವರು ಗೆಲ್ಲುತ್ತಿದ್ದರೆಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ನ್ಯೂಯಾರ್ಕ್‌ನಲ್ಲಿ ಮಾತ್ರ ಗೆಲುವಿನ ಅಂತರ 7,000 ಮತಗಳನ್ನೂ ಮುಟ್ಟಲಿಲ್ಲ. ಮೂರು ದಿನಗಳ ಬಳಿಕ ಲಿಂಕನ್ ಆ ಮಡಿಸಿದ ಕಾಗದವನ್ನು ತೆರೆಸಿ ಸಂಪುಟಕ್ಕೆ ಓದಿ ಹೇಳಿದರು.

1865ರ ಏಪ್ರಿಲ್ 14ರ ರಾತ್ರಿ ನಾಟಕಶಾಲೆಯಲ್ಲಿ ಗುಂಡೇಟು ತಿಂದ ಲಿಂಕನ್ ಮರುದಿನ ಬೆಳಿಗ್ಗೆ ಕೊನೆಯುಸಿರೆಳೆದರು. ಅವರಿಗೆ 56 ವರ್ಷ. ಅವರ ತವರು ರಾಜ್ಯ ಇಲಿನಾಯ್ 1864ರಲ್ಲಿ ಗೈರುಹಾಜರಿ ಮತಕ್ಕೆ ಅವಕಾಶ ನೀಡಿರಲಿಲ್ಲ. ಚುನಾವಣೆಯ ದಿನ ಲಿಂಕನ್ ಇದ್ದದ್ದು ವಾಷಿಂಗ್ಟನ್‌ನಲ್ಲಿ, ಯುದ್ಧ ಇಲಾಖೆಯ ತಂತಿ ಕಚೇರಿಯಲ್ಲಿ ಫಲಿತಾಂಶಗಳಿಗೆ ಕಾಯುತ್ತ.